ಬೆಂದ ಕಲ್ಲಿನ ಸೀಮೆಯಲ್ಲಿ ಪಳೆಯುಳಿಕೆಯ ಪಾಠ

“ಸಾರ್, ಟೇಕಲ್ ಬೆಟ್ಟ ಅಗೆದ್ರೆ ಡೈನೋಸಾರ್ ಮೂಳೆ ಸಿಗ್ತದಾ?”

ಮಾಸ್ತಿಯಲ್ಲಿ ವಿಜ್ಞಾನದ ಮೇಷ್ಟ್ರಾದವನಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಸಿಗಲ್ಲ ಕಣಪ್ಪ ಎಂದರೆ ಇಡೀ ತರಗತಿ ಸಪ್ಪಗಾಗುತ್ತದೆ. ನಮ್ಮ ಕೋಲಾರದ ಬಂಡೆಗಳಿಗೆ 250 ಕೋಟಿ ವರ್ಷಕ್ಕೂ ಮೇಲ್ಪಟ್ಟ ವಯಸ್ಸು. ಡೈನೋಸಾರ್ ಹುಟ್ಟಿದ್ದು 23 ಕೋಟಿ ವರ್ಷಗಳ ಆಚೀಚೆ. ಸಾಲದ್ದಕ್ಕೆ ನಮ್ಮದು ನೆಲದಾಳದಲ್ಲಿ ಬೆಂದು, ಕರಗಿ, ಆರಿ ಗಟ್ಟಿಯಾದ ಕಲ್ಲು. ಆ ಕಾವಿನಲ್ಲಿ ಯಾವ ಜೀವಿಯ ಗುರುತು ಉಳಿದೀತು?

ಪಳೆಯುಳಿಕೆಗೆ ಬೇಕಾದ್ದು ಕೆಸರು. ಮಾಲೂರಿನ ಗೂಡುಗಳಿಂದ ಬರುವ ಇಟ್ಟಿಗೆ ಲೋಡಿನಲ್ಲಿ ನಾಯಿ ತುಳಿದದ್ದು ಒಂದಾದರೂ ಇರುತ್ತದೆ. ಅಂಥದ್ದೊಂದನ್ನು ಪಾಠಕ್ಕೆಂದೇ ಇಟ್ಟುಕೊಂಡಿದ್ದೇನೆ. ನಾಲ್ಕು ಬೆರಳು, ಹಿಂದೆ ಮುಕ್ಕೋನದ ಅಂಗಾಲು, ಉಗುರು ಊರಿದ ಚುಕ್ಕೆ, ಎಲ್ಲವೂ ಸ್ಪಷ್ಟ. ಹಸಿ ಇಟ್ಟಿಗೆ ಮೇಲೆ ನಾಯಿ ಹಾದುಹೋಯಿತು, ಗುರುತು ಅಳಿಸುವ ಮೊದಲೇ ಮಣ್ಣು ಒಣಗಿತು. ಹೊಳೆದಂಡೆಯಲ್ಲೂ ಕಡಲ ತಳದಲ್ಲೂ ನಡೆಯುವುದು ಇದೇ, ಆದರೆ ಅಲ್ಲಿ ಗೂಡಿನ ಬೆಂಕಿಯಿಲ್ಲ. ಪದರದ ಮೇಲೆ ಪದರ ಮಣ್ಣು ಬಿದ್ದು, ಭಾರಕ್ಕೆ ಅದುಮಿ, ಕಲ್ಲಾಗುತ್ತದೆ. ಮೂಳೆ, ಚಿಪ್ಪುಗಳಾದರೆ ಬೇಗ ಹೂತುಹೋಗಬೇಕು; ನರಿ ಎಳೆಯಬಾರದು, ಗಾಳಿಯಾಡಬಾರದು. ಆಮೇಲೆ ಖನಿಜ ಕರಗಿದ ನೀರು ಒಳಗೆ ಇಳಿದು ಜಾಗ ಹಿಡಿಯುತ್ತದೆ. ಸತ್ತವುಗಳಲ್ಲಿ ತೀರಾ ಕೆಲವಕ್ಕೆ ಮಾತ್ರ ಈ ಯೋಗ.

ಹಾಗೆಂದು ಊರಲ್ಲಿ ಪಳೆಯುಳಿಕೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಕೆಲವು ಮನೆಗಳಲ್ಲಿ ಅದಕ್ಕೆ ದಿನಾ ಅಭಿಷೇಕ ನಡೆಯುತ್ತದೆ! ಪರಿಚಯದ ಹಿರಿಯರೊಬ್ಬರು ಸಾಲಿಗ್ರಾಮ ತೋರಿಸಿದರು. “ಮುಟ್ಟಬೇಡಿ ಮೇಷ್ಟ್ರೇ, ಹಾಗೇ ನೋಡಿ” ಅಂದರು. ನುಣುಪಾದ ಕಪ್ಪು ಗುಂಡು, ಪಕ್ಕದಲ್ಲೊಂದು ಸಣ್ಣ ಬಾಯಿ, ಒಳಗೆ ಸುರುಳಿ ಸುತ್ತಿದ ಏಣುಗೆರೆಗಳು. ಭಕ್ತರಿಗೆ ಅದು ವಿಷ್ಣುವಿನ ಚಕ್ರ. ಭೂವಿಜ್ಞಾನಿಗೆ ಅಮೊನೈಟ್ ಎಂಬ ಕಡಲಜೀವಿಯ ಚಿಪ್ಪಿನ ಅಚ್ಚು. ಹಿಮಾಲಯ ಎದ್ದಿರುವ ಜಾಗದಲ್ಲಿ ಆಗ ಟೆಥಿಸ್ ಸಮುದ್ರವಿತ್ತು. ಸುಮಾರು 15 ಕೋಟಿ ವರ್ಷಗಳ ಹಿಂದೆ ಸತ್ತ ಆ ಜೀವಿ ತಳದ ಕೆಸರಿಗಿಳಿಯಿತು, ಅದರ ಸುತ್ತ ಖನಿಜ ಕೂಡಿ ಉಂಡೆ ಕಟ್ಟಿತು. ಭೂಖಂಡಗಳು ಗುದ್ದಿದಾಗ ಕಡಲತಳ ಪರ್ವತವಾಯಿತು; ನೇಪಾಳದ ಗಂಡಕಿ ಅದನ್ನು ಕೊರೆದು ಉರುಳಿಸಿ ತಂದಿತು. ಎರಡೂ ವಿವರಣೆ ಒಂದೇ ಕಲ್ಲಿನಲ್ಲಿ ಜಗಳವಿಲ್ಲದೆ ಇವೆ, ನನಗೇನೂ ತಕರಾರಿಲ್ಲ.

ಆದರೆ ಜೀವದ ಮೊದಲ ಅಧ್ಯಾಯಕ್ಕೆ ಸಾಲಿಗ್ರಾಮವೂ ತೀರಾ ಈಚಿನದು. ಕೆ.ಜಿ.ಎಫ್. ಬಳಿ ಪೆದ್ದಪಲ್ಲಿಯಲ್ಲಿ ನೀರೊಳಗೆ ಉಕ್ಕಿ ದಿಂಬಿನಾಕಾರಕ್ಕೆ ಹೆಪ್ಪುಗಟ್ಟಿದ ಲಾವಾ ಇದೆ, ರಾಷ್ಟ್ರೀಯ ಭೂಸ್ಮಾರಕ. ಅಂದರೆ ಇಲ್ಲೂ ಕಡಲಿತ್ತು. ಅದರಲ್ಲಿ ಯಾರಿದ್ದರು ಎಂದು ಮೂರು ಕಿಲೋಮೀಟರಿಗೂ ಆಳ ತೋಡಿದ ಚಿನ್ನದ ಗಣಿ ಹೇಳಲಿಲ್ಲ. ಹೇಳಿದ್ದು ತುಮಕೂರು ಜಿಲ್ಲೆಯ ದೊಡ್ಡಗುಣಿ, ಹಿರಿಯೂರಿನ ಮಾರಿಕಣಿವೆ ಕಡೆಯ ಸುಣ್ಣದಂಶದ ಕಲ್ಲುಗಳು. ಅವುಗಳಲ್ಲಿ ಎಳೆ ಎಳೆಯಾಗಿ ಉಬ್ಬಿದ ರಚನೆಗಳಿವೆ: ಸ್ಟ್ರೊಮಾಟೊಲೈಟ್, ಸುಮಾರು 260 ಕೋಟಿ ವರ್ಷ ಹಳೆಯವು. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳು ಲೋಳೆ ಹಾಸು ಕಟ್ಟುತ್ತಿದ್ದವು. ಅಲೆ ತಂದ ನುಣ್ಣನೆ ಮಣ್ಣು ಲೋಳೆಗೆ ಅಂಟುತ್ತಿತ್ತು. ಬಿಸಿಲು ಮರೆಯಾದಾಗ ಅವು ಮೇಲಕ್ಕೆ ತೆವಳಿ ಮತ್ತೊಂದು ಹಾಸು ಹಾಕುತ್ತಿದ್ದವು. ಜೀವಿಯ ಮೈ ಹೋಯಿತು, ಕಟ್ಟಿದ ಮನೆ ಉಳಿಯಿತು. ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ ಇಂಥ ಹಾಸುಗಳು ಇಂದಿಗೂ ಬೆಳೆಯುತ್ತಿವೆ. ಅಲ್ಲಿನ ಅತಿ ಉಪ್ಪುನೀರಿನಲ್ಲಿ ಮೇಯುವ ಬಸವನಹುಳುಗಳ ಕಾಟ ಕಡಿಮೆ.

ಇಂಥ ಹಾಸು ಕಟ್ಟುವ ಸಯನೋಬ್ಯಾಕ್ಟೀರಿಯಾಗಳೇ ಬಿಸಿಲಿನಿಂದ ಆಹಾರ ಮಾಡಿಕೊಳ್ಳುತ್ತ ಆಮ್ಲಜನಕ ಬಿಟ್ಟವು. ಅದು ಗಾಳಿಯಲ್ಲಿ ನಿಂತದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಕಣ್ಣಿಗೆ ಕಾಣುವ ಪ್ರಾಣಿಗಳು ಬರಲು ಇನ್ನೂ 180 ಕೋಟಿ ವರ್ಷ ಕಾಯಬೇಕಾಯಿತು. ನನಗೆ ಡೈನೋಸಾರಿಗಿಂತ ಈ ಲೋಳೆಯೇ ದೊಡ್ಡದು. ಹುಡುಗರು ಒಪ್ಪುವುದಿಲ್ಲ.

ಅವರಿಗಾಗಿ ಶಾಲಾ ಪ್ರವಾಸಕ್ಕೆ ತಮಿಳುನಾಡಿನ ತಿರುವಕ್ಕರೈ ಸೂಚಿಸಿದ್ದೇನೆ. ಕೃಷ್ಣಗಿರಿ, ತಿರುವಣ್ಣಾಮಲೈ ದಾಟಿದರೆ ಸಿಗುತ್ತದೆ. ಕಲ್ಲಾದ ಮರದ ದಿಮ್ಮಿಗಳು ಬಯಲಲ್ಲೇ ಬಿದ್ದಿವೆ.