ನಿವಾಸ ಸಂಹಿತೆ: ಕಟ್ಟಡಗಳ ಶಕ್ತಿವ್ಯಯವನ್ನು ಕುರಿತ ಭಾರತದ ನಿಯಮಗಳು

ಮನೆಯನ್ನು ಕಟ್ಟುವವನು ಎಲ್ಲೆಯನ್ನು ಮೀರಬಾರದು, ನೆರೆಯವನ ಬೆಳಕನ್ನು ತಡೆಯಬಾರದು, ಕೊಳೆನೀರನ್ನು ಬೀದಿಗೆ ಬಿಡಬಾರದು ಎಂಬಿವೇ ಮೊದಲಾದ ಕಟ್ಟಳೆಗಳು ಬಹು ಹಿಂದಿನವು. ಆದರೆ ಕಟ್ಟಿದ ಮನೆಯ ಗೋಡೆ ಮಾಳಿಗೆಗಳ ಮೂಲಕ ಎಷ್ಟು ಶಾಖವು ಒಳಹೊಗಬಹುದು, ಅದನ್ನು ಹೊರದೂಡುವುದಕ್ಕೆ ಎಷ್ಟು ವಿದ್ಯುಚ್ಛಕ್ತಿಯು ವೆಚ್ಚವಾಗಬಹುದು ಎಂಬುದನ್ನು ಸರ್ಕಾರವು ಗೊತ್ತುಮಾಡುವುದು ಇತ್ತೀಚಿನ ಸಂಗತಿಯಾಗಿದೆ. ಭಾರತದಲ್ಲಿ ಇದಕ್ಕೆ ಆಧಾರವಾದುದು ೨೦೦೧ನೆಯ ಇಸವಿಯ ಶಕ್ತಿ ಸಂರಕ್ಷಣಾ ಕಾಯಿದೆ. ಅದರಿಂದ ಹುಟ್ಟಿದ ನಿಯಮಗಳಲ್ಲಿ ವಾಸದ ಮನೆಗಳಿಗೆ ಸಂಬಂಧಪಟ್ಟುದಕ್ಕೆ ೨೦೧೮ರಲ್ಲಿ ‘ಇಕೋ-ನಿವಾಸ್ ಸಂಹಿತಾ’ ಎಂಬ ಹೆಸರನ್ನಿಟ್ಟರು. ‘ಸಂ’ ಎಂಬ ಉಪಸರ್ಗವೂ ‘ಧಾ’ ಎಂಬ ಧಾತುವೂ ಸೇರಿ ಆದ ‘ಸಂಹಿತೆ’ ಎಂಬ ಮಾತಿಗೆ ಕೂಡಿಸಿಟ್ಟುದು ಎಂದು ಅರ್ಥ. ಪದಪಾಠದಲ್ಲಿ ಬಿಡಿಬಿಡಿಯಾಗಿರುವ ಶಬ್ದಗಳು ಸಂಹಿತಾಪಾಠದಲ್ಲಿ ಒಂದನ್ನೊಂದು ಹೊಂದಿ ನಿಲ್ಲುತ್ತವೆ. ಗೋಡೆ, ಮಾಳಿಗೆ, ಕಿಟಕಿ, ಗಾಜುಗಳನ್ನು ಕೂಡಿಸಿ ಲೆಕ್ಕಹಾಕುವ ಈ ನಿಯಮಾವಳಿಗೆ ಆ ಹೆಸರು ಒಪ್ಪುವಂತೆಯೇ ಇದೆ. ಈ ಸಂಹಿತೆಗಳು ಯಾವುದನ್ನು ಅಳೆಯುತ್ತವೆ, ಯಾವ ಕಟ್ಟಡಗಳನ್ನು ಮುಟ್ಟುತ್ತವೆ, ಯಾವುವನ್ನು ಮುಟ್ಟದೆ ಬಿಡುತ್ತವೆ ಎಂಬುದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

೧. ಕಾಯಿದೆಯೂ ಸಂಹಿತೆಗಳೂ

೨೦೦೧ರ ಕಾಯಿದೆಯ ಮೇರೆಗೆ ೨೦೦೨ನೆಯ ಮಾರ್ಚಿ ತಿಂಗಳಲ್ಲಿ ಬ್ಯೂರೋ ಆಫ್ ಎನರ್ಜಿ ಎಫಿಷಿಯನ್ಸಿ ಎಂಬ ಕೇಂದ್ರ ಸಂಸ್ಥೆಯು ಸ್ಥಾಪಿತವಾಯಿತು. ೨೦೦೭ನೆಯ ಮೇ ತಿಂಗಳಲ್ಲಿ ಮೊದಲನೆಯ ಶಕ್ತಿ ಸಂರಕ್ಷಣಾ ಕಟ್ಟಡ ಸಂಹಿತೆಯು ಹೊರಬಿತ್ತು. ಇದು ವಾಣಿಜ್ಯದ ಕಟ್ಟಡಗಳಿಗೆ ಮಾತ್ರ ಸಂಬಂಧಿಸಿದುದು. ಕಾಯಿದೆಯು ಆರಂಭದಲ್ಲಿ ೫೦೦ ಕಿಲೋವಾಟ್ ಅಥವಾ ಅದಕ್ಕೆ ಮೇಲ್ಪಟ್ಟ ವಿದ್ಯುತ್ ಸಂಪರ್ಕವುಳ್ಳ ಕಟ್ಟಡಗಳನ್ನು ಮಾತ್ರ ಗಣನೆಗೆ ತೆಗೆದುಕೊಂಡಿತ್ತು. ೨೦೧೦ರ ತಿದ್ದುಪಡಿಯಿಂದ ಈ ಮಿತಿಯು ೧೦೦ ಕಿಲೋವಾಟಿಗೆ ಇಳಿಯಿತು. ೨೦೧೭ರಲ್ಲಿ ಸಂಹಿತೆಯನ್ನು ಪರಿಷ್ಕರಿಸಿ ಮೂರು ಮೆಟ್ಟಿಲುಗಳನ್ನು ಏರ್ಪಡಿಸಿದರು. ಸಾಮಾನ್ಯ ರೀತಿಯ ಕಟ್ಟಡಕ್ಕಿಂತ ನೂರಕ್ಕೆ ೨೫ರಷ್ಟು ಶಕ್ತಿಯನ್ನು ಉಳಿಸುವುದು ಮೊದಲನೆಯದು. ೩೫ರಷ್ಟು ಉಳಿಸುವುದು ಎರಡನೆಯದು. ೫೦ರಷ್ಟು ಉಳಿಸುವುದು ಮೂರನೆಯದು. ಮೊದಲನೆಯ ಮೆಟ್ಟಿಲು ಕಡ್ಡಾಯದ್ದು, ಉಳಿದೆರಡು ಐಚ್ಛಿಕ.

ವಾಸದ ಮನೆಗಳ ಸರದಿಯು ಅನಂತರ ಬಂದಿತು. ೨೦೧೮ನೆಯ ಡಿಸೆಂಬರ್ ೧೪ರಂದು ನಿವಾಸ ಸಂಹಿತೆಯ ಮೊದಲನೆಯ ಭಾಗವೂ, ೨೦೨೧ರಲ್ಲಿ ದೀಪ, ಯಂತ್ರ ಮೊದಲಾದ ಉಪಕರಣಗಳನ್ನು ಒಳಗೊಂಡ ಎರಡನೆಯ ಭಾಗವೂ ಪ್ರಕಟವಾದುವು. ೨೦೨೨ರಲ್ಲಿ ಅಂಗೀಕೃತವಾಗಿ ೨೦೨೩ನೆಯ ಜನವರಿ ೧ರಿಂದ ಜಾರಿಗೆ ಬಂದ ತಿದ್ದುಪಡಿಯು ವಾಸದ ಕಟ್ಟಡಗಳನ್ನೂ ಕಾಯಿದೆಯ ವ್ಯಾಖ್ಯೆಯೊಳಕ್ಕೆ ತಂದಿತು. ೨೦೨೪ರಲ್ಲಿ ಸಂಹಿತೆಗಳು ಮತ್ತೊಮ್ಮೆ ಪರಿಷ್ಕಾರಗೊಂಡುವು. ಆದರೆ ಮೂಲತತ್ತ್ವವನ್ನು ತಿಳಿಯುವುದಕ್ಕೆ ೨೦೧೮ರ ಭಾಗವೇ ಅತ್ಯಂತ ಉಪಯುಕ್ತವಾದುದರಿಂದ ಮುಂದಿನ ವಿವರಣೆಯು ಅದನ್ನೇ ಆಧರಿಸಿದೆ.

೨. ಮಾಳಿಗೆಯ ಲೆಕ್ಕ

ಬಿಸಿಲಿನ ದೇಶದಲ್ಲಿ ಮನೆಯೊಳಕ್ಕೆ ಶಾಖವು ಬರುವ ದೊಡ್ಡ ದಾರಿ ಮಾಳಿಗೆ. ಹೊರಗೂ ಒಳಗೂ ಒಂದು ಡಿಗ್ರಿಯ ಅಂತರವಿದ್ದಾಗ ಒಂದು ಚದರ ಮೀಟರಿನಷ್ಟು ಹೊದಿಕೆಯ ಮೂಲಕ ಎಷ್ಟು ವಾಟ್ ಶಾಖವು ಹರಿಯುವುದೋ ಅದಕ್ಕೆ ‘ಯು-ಮಾನ’ವೆಂದು ಹೆಸರು. ಮಾನವು ಹೆಚ್ಚಾದಷ್ಟೂ ಹೊದಿಕೆಯು ಕಳಪೆಯೆಂದು ತಿಳಿಯತಕ್ಕದ್ದು.

ಈಗ ಎಲ್ಲೆಲ್ಲಿಯೂ ಕಾಣುವ ಹದಿನೈದು ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಮಾಳಿಗೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಒಳಮೈಗೆ ಅಂಟಿದ ಗಾಳಿಯ ಪದರವು ಶಾಖಕ್ಕೆ ಒಡ್ಡುವ ತಡೆ ೦.೧೭, ಹೊರಮೈಯ ಗಾಳಿಯದು ೦.೦೪. ಕಾಂಕ್ರೀಟಿನ ವಾಹಕತೆ ೧.೫೮ ಆದುದರಿಂದ ೦.೧೫ನ್ನು ಅದರಿಂದ ಭಾಗಿಸಿದರೆ ಕಾಂಕ್ರೀಟಿನ ತಡೆಯು ೦.೦೯೫ ಎಂದು ಬರುತ್ತದೆ. ಅಂದರೆ ಅಷ್ಟು ಭಾರವಾದ ಕಾಂಕ್ರೀಟು ಕೊಡುವ ರಕ್ಷಣೆಯು ಒಳಗಡೆಯ ತೆಳುವಾದ ಗಾಳಿಯ ಪದರವು ಕೊಡುವುದಕ್ಕಿಂತಲೂ ಕಡಮೆ! ಮೂರನ್ನೂ ಕೂಡಿದರೆ ಒಟ್ಟು ತಡೆ ೦.೩೦೫, ಅದರ ವಿಲೋಮವಾದ ಯು-ಮಾನವು ಸುಮಾರು ೩.೨೮. ಸಂಹಿತೆಯು ಮಾಳಿಗೆಗೆ ವಿಧಿಸುವ ಗರಿಷ್ಠ ಮಿತಿಯಾದರೋ ೧.೨. ಹೊರಗೂ ಒಳಗೂ ಇಪ್ಪತ್ತು ಡಿಗ್ರಿಯ ಅಂತರವಿರುವಾಗ ನೂರು ಚದರ ಮೀಟರಿನ ಬರಿಯ ಮಾಳಿಗೆಯಿಂದ ೬,೫೬೦ ವಾಟ್ ಶಾಖವು ಇಳಿದರೆ, ಮಿತಿಗೊಳಪಟ್ಟ ಮಾಳಿಗೆಯಿಂದ ೨,೪೦೦ ವಾಟ್ ಮಾತ್ರ ಇಳಿಯುವುದು.

ಮಿತಿಯನ್ನು ಮುಟ್ಟುವುದು ಕಷ್ಟವೆಂದು ಭಾವಿಸಬೇಕಾಗಿಲ್ಲ. ೧.೨ರ ಯು-ಮಾನಕ್ಕೆ ಬೇಕಾದ ಒಟ್ಟು ತಡೆ ೦.೮೩೩. ಇರುವುದನ್ನು ಕಳೆದರೆ ೦.೫೨೮ ಉಳಿಯುತ್ತದೆ. ೦.೦೩೫ರಷ್ಟು ವಾಹಕತೆಯುಳ್ಳ ನಿರೋಧಕ ಹಲಗೆಯು ಎರಡು ಸೆಂಟಿಮೀಟರಿಗಿಂತ ಸ್ವಲ್ಪ ಕಡಮೆ ದಪ್ಪವಿದ್ದರೂ ಇಷ್ಟು ತಡೆಯನ್ನು ಕೊಡುತ್ತದೆ. ಮಾಳಿಗೆಯನ್ನು ಹೊಸದಾಗಿ ಹಾಕುವಾಗಲೇ ಇದನ್ನು ಸೇರಿಸುವುದು ಸುಲಭ. ಮನೆಯು ಮುಗಿದು ಜನರು ಒಕ್ಕಲಾದ ಮೇಲೆ ಅದೇ ಕೆಲಸವು ನೀರುತಡೆಯ ಗಾರೆಯನ್ನು ಕೆತ್ತಿ ಮತ್ತೆ ಹಾಕುವ ದೊಡ್ಡ ಖರ್ಚಾಗಿ ಪರಿಣಮಿಸುತ್ತದೆ.

ಯು-ಮಾನವು ಶಾಖದ ಹರಿವನ್ನು ಹೇಳುವುದೇ ಹೊರತು ಅದು ಹೊದಿಕೆಯಲ್ಲಿ ಕೂಡಿಕೊಂಡು ತಡವಾಗಿ ಹೊರಡುವುದನ್ನು ಹೇಳುವುದಿಲ್ಲ. ಕಲಬುರಗಿ ವಿಜಯಪುರಗಳ ಕಡೆಯ ದಪ್ಪನಾದ ಮಣ್ಣಿನ ಮಾಳಿಗೆಯು ಮಧ್ಯಾಹ್ನದ ಬಿಸಿಯನ್ನು ಬಹುಹೊತ್ತು ಹಿಡಿದಿಟ್ಟು ರಾತ್ರಿ ಮೆಲ್ಲಗೆ ಬಿಡುತ್ತದೆ. ಆ ವೇಳೆಗೆ ಮನೆಯವರು ಬಯಲಿನಲ್ಲಿಯೋ ಮಾಳಿಗೆಯ ಮೇಲೆಯೋ ಮಲಗಿರುವುದು ಅಲ್ಲಿಯ ವಾಡಿಕೆ. ಕಟ್ಟಡವೂ ಬದುಕುವ ರೀತಿಯೂ ಹೀಗೆ ಹೊಂದಿಕೊಂಡಿದ್ದುದನ್ನು ಒಂದು ಅಂಕಿಯಿಂದ ಪೂರ್ತಿಯಾಗಿ ಹೇಳಲಾಗದು.

೩. ಹೊದಿಕೆಯ ಒಟ್ಟು ಮಾನ

ಮಾಳಿಗೆಯನ್ನು ಬಿಟ್ಟು ಉಳಿದ ಹೊದಿಕೆಗೆ ಸಂಹಿತೆಯು ಆರ್.ಇ.ಟಿ.ವಿ. ಎಂಬ ಒಂದೇ ಮಾನವನ್ನು ಏರ್ಪಡಿಸಿದೆ. ಗೋಡೆಯ ಮೂಲಕ ಹರಿದುಬರುವ ಶಾಖ, ಗಾಜಿನ ಮೂಲಕ ಹರಿದುಬರುವ ಶಾಖ, ಗಾಜನ್ನು ಹಾಯ್ದು ನೇರವಾಗಿ ಒಳಹೊಗುವ ಬಿಸಿಲು ಎಂಬ ಮೂರನ್ನೂ ಕೂಡಿಸಿ ಹೊದಿಕೆಯ ವಿಸ್ತಾರಕ್ಕೆ ಹಂಚಿದರೆ ಬರುವ ಸರಾಸರಿಯು ಚದರ ಮೀಟರಿಗೆ ೧೫ ವಾಟನ್ನು ಮೀರಬಾರದು. ಒಂದರ ಕೊರತೆಯನ್ನು ಮತ್ತೊಂದರ ಹೆಚ್ಚಳದಿಂದ ತುಂಬಬಹುದಾದುದರಿಂದ ಕಟ್ಟುವವನಿಗೆ ಸ್ವಾತಂತ್ರ್ಯವು ಉಳಿಯುತ್ತದೆ.

ದೇಶವನ್ನು ಉಷ್ಣ-ಶುಷ್ಕ, ಉಷ್ಣ-ಆರ್ದ್ರ, ಮಿಶ್ರ, ಸಮಶೀತೋಷ್ಣ, ಶೀತ ಎಂದು ಐದು ಹವಾವಲಯಗಳಾಗಿ ವಿಂಗಡಿಸಿದ್ದಾರೆ. ದೆಹಲಿಯು ಮಿಶ್ರ ವಲಯಕ್ಕೂ, ಬೆಂಗಳೂರು ಸಮಶೀತೋಷ್ಣ ವಲಯಕ್ಕೂ, ಮಂಗಳೂರು ಉಷ್ಣ-ಆರ್ದ್ರ ವಲಯಕ್ಕೂ ಸೇರಿವೆ. ಶೀತ ವಲಯದಲ್ಲಿ ಶಾಖವನ್ನು ಒಳಗೇ ಉಳಿಸಿಕೊಳ್ಳಬೇಕಾದುದರಿಂದ ಅಲ್ಲಿ ಈ ಮಾನಕ್ಕೆ ಬದಲಾಗಿ ಹೊದಿಕೆಯ ಯು-ಮಾನಕ್ಕೆ ೧.೮ರ ಮಿತಿಯಿದೆ. ಉಳಿದ ವಲಯಗಳಲ್ಲಿ ಮೇಲೆ ಹೇಳಿದ ಮೂರು ಅಂಶಗಳ ತೂಕವು ವಲಯಾನುಸಾರವಾಗಿ ಬೇರೆಯಾಗುತ್ತದೆ. ಗೋಡೆಯ ಗುಣಾಂಕವು ಮಿಶ್ರ ವಲಯದಲ್ಲಿ ೬.೦೬ ಇದ್ದರೆ ಸಮಶೀತೋಷ್ಣದಲ್ಲಿ ೩.೩೮ ಮಾತ್ರ. ಆದರೆ ಗಾಜನ್ನು ಹಾಯ್ದುಬರುವ ಬಿಸಿಲಿನ ಗುಣಾಂಕವು ಮಿಶ್ರದಲ್ಲಿ ೬೮.೯೯, ಸಮಶೀತೋಷ್ಣದಲ್ಲಿ ೬೩.೬೯, ಇವೆರಡಕ್ಕೂ ಹೆಚ್ಚಿನ ಭೇದವಿಲ್ಲ. ಇದರಿಂದ ತಿಳಿಯುವುದೇನೆಂದರೆ, ಬೆಂಗಳೂರಿನ ಹಿತವಾದ ಗಾಳಿಯು ಗೋಡೆಯ ದೋಷವನ್ನು ಬಹುಮಟ್ಟಿಗೆ ಮನ್ನಿಸುತ್ತದೆ. ಗಾಜಿನ ದೋಷವನ್ನು ಮನ್ನಿಸುವುದಿಲ್ಲ. ಊರು ತಂಪೆಂಬ ನೆಚ್ಚಿಕೆಯಿಂದ ಪಡುವಣ ಮುಖಕ್ಕೆ ನೆರಳಿಲ್ಲದ ಗಾಜನ್ನು ಹೊದಿಸಿದವರು ಆ ತಂಪನ್ನು ವಿದ್ಯುತ್ತಿನಿಂದ ಮತ್ತೆ ಕೊಳ್ಳಬೇಕಾಗುವುದು.

ತೆರೆಯಬಹುದಾದ ಕಿಟಕಿಗಳ ವಿಸ್ತಾರವೂ ವಲಯಾನುಸಾರವಾಗಿ ಗೊತ್ತಾಗಿದೆ. ಒಳನೆಲದ ವಿಸ್ತಾರದಲ್ಲಿ ಉಷ್ಣ-ಆರ್ದ್ರ ವಲಯಕ್ಕೆ ಆರರಲ್ಲೊಂದು ಪಾಲು, ಮಿಶ್ರ ಮತ್ತು ಸಮಶೀತೋಷ್ಣ ವಲಯಗಳಿಗೆ ಎಂಟರಲ್ಲೊಂದು, ಉಷ್ಣ-ಶುಷ್ಕಕ್ಕೆ ಹತ್ತರಲ್ಲೊಂದು, ಶೀತಕ್ಕೆ ಹನ್ನೆರಡರಲ್ಲೊಂದು ಪಾಲು ಇರಲೇಬೇಕು. ಬೆವರು ಆರದ ಕರಾವಳಿಯಲ್ಲಿ ಗಾಳಿಗೆ ದಾರಿ ಹೆಚ್ಚಾಗಿರಬೇಕು, ಬಿಸಿಗಾಳಿಯು ಬೀಸುವ ಬಯಲುಸೀಮೆಯಲ್ಲಿ ಕಡಮೆಯಾಗಿರಬೇಕು ಎಂಬ ಹಳೆಯ ಮನೆಗಳ ವಿವೇಕವು ಇಲ್ಲಿ ಭಿನ್ನರಾಶಿಗಳ ರೂಪವನ್ನು ತಾಳಿದೆ.

ಇಲ್ಲಿ ಗಮನಿಸಬೇಕಾದ ಮುಖ್ಯಾಂಶವೊಂದುಂಟು. ವಾಣಿಜ್ಯ ಸಂಹಿತೆಯು ಕಟ್ಟಡದ ಒಟ್ಟು ಶಕ್ತಿವ್ಯಯವನ್ನು ವರ್ಷಕ್ಕೆ ಚದರ ಮೀಟರೊಂದಕ್ಕೆ ಇಷ್ಟು ಯೂನಿಟ್ ವಿದ್ಯುತ್ತೆಂದು ಎಣಿಸುತ್ತದೆ. ನಿವಾಸ ಸಂಹಿತೆಯ ಮೊದಲನೆಯ ಭಾಗವಾದರೋ ವಿದ್ಯುತ್ತಿನ ಮಾತನ್ನೇ ಎತ್ತದೆ, ಒಳಹೊಗುವ ಶಾಖವನ್ನು ಎಣಿಸುತ್ತದೆ. ಮೊದಲನೆಯ ರೀತಿಯಲ್ಲಿ, ತಂಪುಯಂತ್ರವಿಲ್ಲದೆ ಬೇಯುತ್ತಿರುವ ಮನೆಯು ಮಿತವ್ಯಯದ ಮಾದರಿಯಾಗಿ ತೋರುವುದು. ಏತಕ್ಕೆಂದರೆ ಅಲ್ಲಿ ಖರ್ಚೇ ಇಲ್ಲ. ಎರಡನೆಯ ರೀತಿಯಲ್ಲಿ ಅದರ ದೋಷವು ಇದ್ದಂತೆಯೇ ಬಯಲಾಗುವುದು. ತಂಪನ್ನು ಕೊಳ್ಳಲಾರದವನ ಮನೆಗೂ ಸಲ್ಲುವ ಅಳತೆಗೋಲು ಇದೇ.

೪. ಅಧಿಕಾರದ ಹಂಚಿಕೆ

ಸಂಹಿತೆಯು ರಾಷ್ಟ್ರೀಯವೆಂದು ಹೆಸರಾದರೂ ಅದು ಕಟ್ಟಡವನ್ನು ಮುಟ್ಟಬೇಕಾದರೆ ಮೂರು ಕೈಗಳನ್ನು ದಾಟಬೇಕು. ಸಂವಿಧಾನದಲ್ಲಿ ವಿದ್ಯುತ್ತು ಸಮವರ್ತಿ ಪಟ್ಟಿಗೂ, ಭೂಮಿ ಮತ್ತು ಸ್ಥಳೀಯ ಆಡಳಿತಗಳು ರಾಜ್ಯಗಳ ಪಟ್ಟಿಗೂ ಸೇರಿವೆ. ಆದುದರಿಂದ ಕೇಂದ್ರವು ಸಂಹಿತೆಯನ್ನು ರಚಿಸುತ್ತದೆ. ಕಾಯಿದೆಯ ೧೫ನೆಯ ಪ್ರಕರಣದ ಮೇರೆಗೆ ರಾಜ್ಯವು ಅದನ್ನು ತನ್ನ ಹವೆಗೆ ತಕ್ಕಂತೆ ಮಾರ್ಪಡಿಸಿ ಜಾರಿಗೆ ತರುತ್ತದೆ. ನಗರಸಭೆಯು ನಕ್ಷೆಗೆ ಅನುಮತಿಯನ್ನು ಕೊಡುವಾಗ ಅದನ್ನು ಪರೀಕ್ಷಿಸುತ್ತದೆ. ಕರ್ನಾಟಕದಲ್ಲಿ ಈ ಕಾಯಿದೆಗೆ ಸಂಬಂಧಿಸಿದ ಕಾರ್ಯಗಳಿಗೆ ಗೊತ್ತಾದ ಸಂಸ್ಥೆ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತ. ನಕ್ಷೆಯನ್ನು ನೋಡುವ ಅಧಿಕಾರಿಗೆ ಯು-ಮಾನದ ಪರಿಚಯವಿಲ್ಲದಿದ್ದರೆ ದೆಹಲಿಯಲ್ಲಿ ಬರೆದ ಅಂಕಿಯು ಕಾಗದದಲ್ಲಿಯೇ ಉಳಿಯುವುದು.

೫. ಈಗಾಗಲೇ ನಿಂತಿರುವ ಕಟ್ಟಡಗಳು

ಹೊಸ ಕಟ್ಟಡಕ್ಕೆ ಅನುಮತಿಯ ಗಳಿಗೆಯೆಂಬುದೊಂದಿದೆ. ಆ ಬಾಗಿಲಿನಲ್ಲಿ ನಿಯಮವು ಕಾದು ನಿಲ್ಲಬಹುದು. ಕಟ್ಟಿ ಮುಗಿದ ಮನೆಗೆ ಅಂಥ ಬಾಗಿಲಿಲ್ಲ. ೨೦೦೧ರ ಕಾಯಿದೆಯ ಮೂಲ ವ್ಯಾಖ್ಯಾಪ್ರಕರಣವನ್ನು ಗಮನವಿಟ್ಟು ಓದಿದರೆ, ಸಂಹಿತೆಯ ನಿಯಮಗಳು ಪ್ರಕಟವಾದ ತರುವಾಯ ಎದ್ದ ರಚನೆಯೇ ಆಗ ‘ಕಟ್ಟಡ’ವೆನ್ನಿಸಿಕೊಂಡಿತ್ತೆಂದು ಕಂಡುಬರುತ್ತದೆ. ಲೋಕದ ಮಾತಿನಲ್ಲಿ ಕಟ್ಟಡವೆನ್ನಿಸಿಕೊಳ್ಳುವ ಬಹುಭಾಗವು ಆ ಮೂಲ ವ್ಯಾಖ್ಯೆಯ ಮಾತಿನಲ್ಲಿ ಕಟ್ಟಡವೇ ಆಗಿರಲಿಲ್ಲ. ವಾಣಿಜ್ಯ ಸಂಹಿತೆಯು ಹಳೆಯ ಕಟ್ಟಡಕ್ಕೆ ಹೊಸ ಭಾಗವನ್ನು ಸೇರಿಸುವ ಸಂದರ್ಭವನ್ನು ಒಳಗೊಂಡಿದೆ. ಅದನ್ನು ಬಿಟ್ಟರೆ, ಇರುವ ಕಟ್ಟಡಗಳಿಗೆ ೨೦೦೯ರಲ್ಲಿ ಕಚೇರಿಗಳಿಂದ ಆರಂಭವಾದ ನಕ್ಷತ್ರಾಂಕನವೇ ಮುಖ್ಯವಾದ ಉಪಾಯ. ವರ್ಷದ ವಿದ್ಯುತ್ ವ್ಯಯವನ್ನು ನೋಡಿ ಒಂದರಿಂದ ಐದರವರೆಗೆ ನಕ್ಷತ್ರಗಳನ್ನು ಕೊಡುವ ಈ ಪದ್ಧತಿಯು ಐಚ್ಛಿಕವಾದುದು. ಚೆನ್ನಾಗಿರುವವರು ಪರೀಕ್ಷೆಗೆ ಬರುತ್ತಾರೆ. ಕೆಟ್ಟಿರುವವರು ಬರಬೇಕಾದ ನಿರ್ಬಂಧವಿಲ್ಲ.

ಯೂರೋಪಿನವರು ಈ ತೊಡಕನ್ನು ಬೇರೆ ರೀತಿಯಾಗಿ ಬಿಡಿಸಲು ಯತ್ನಿಸಿದ್ದಾರೆ. ಹಳೆಯ ಕಟ್ಟಡಕ್ಕೆ ಅನುಮತಿಯ ಬಾಗಿಲಿಲ್ಲದಿದ್ದರೂ ಮಾರಾಟ, ಬಾಡಿಗೆ, ದೊಡ್ಡ ದುರಸ್ತಿ ಎಂಬ ಮೂರು ಬಾಗಿಲುಗಳುಂಟೆಂಬುದನ್ನು ಅವರು ಕಂಡುಕೊಂಡರು. ಯೂರೋಪಿನ ಒಕ್ಕೂಟದ ೨೦೦೨ರ ನಿರ್ದೇಶವು ಮಾರುವಾಗಲೂ ಬಾಡಿಗೆಗೆ ಕೊಡುವಾಗಲೂ ಶಕ್ತಿಪತ್ರವನ್ನು ತೋರಿಸಬೇಕೆಂದೂ, ೧,೦೦೦ ಚದರ ಮೀಟರಿಗೆ ಮೇಲ್ಪಟ್ಟ ಕಟ್ಟಡವನ್ನು ದೊಡ್ಡದಾಗಿ ದುರಸ್ತಿಮಾಡುವಾಗ ಕನಿಷ್ಠ ಮಟ್ಟವನ್ನು ಮುಟ್ಟಿಸಬೇಕೆಂದೂ ವಿಧಿಸಿತು. ೨೦೧೦ರ ನಿರ್ದೇಶವು ಆ ವಿಸ್ತಾರದ ಮಿತಿಯನ್ನು ತೆಗೆದುಹಾಕಿತು. ೨೦೨೪ರ ನಿರ್ದೇಶವು ಇನ್ನೂ ಮುಂದೆ ಹೋಗಿ, ವಾಸಕ್ಕಲ್ಲದ ಕಟ್ಟಡಗಳಲ್ಲಿ ಅತ್ಯಂತ ಕಳಪೆಯಾದ ನೂರಕ್ಕೆ ೧೬ರಷ್ಟನ್ನು ೨೦೩೦ರೊಳಗೂ, ೨೬ರಷ್ಟನ್ನು ೨೦೩೩ರೊಳಗೂ ಸುಧಾರಿಸಬೇಕೆಂದು ಅವಧಿಯನ್ನು ಗೊತ್ತುಮಾಡಿದೆ. ಇಂಗ್ಲೆಂಡ್ ಮತ್ತು ವೇಲ್ಸುಗಳಲ್ಲಿ ೨೦೧೮ನೆಯ ಏಪ್ರಿಲಿನಿಂದ, ಕೆಲವು ವಿನಾಯತಿಗಳನ್ನು ಬಿಟ್ಟರೆ, ಶಕ್ತಿಪತ್ರದಲ್ಲಿ ಐದನೆಯ ದರ್ಜೆಗಿಂತ ಕೆಳಗಿರುವ ಮನೆಯನ್ನು ಹೊಸದಾಗಿ ಬಾಡಿಗೆಗೆ ಕೊಡಲಾಗದು. ಈ ನಿಯಮದ ಬಲವಿರುವುದು ಬಾಡಿಗೆಯ ಬಾಗಿಲಿನಲ್ಲಿ: ಮನೆಯನ್ನು ಸರಿಪಡಿಸುವ ಅಧಿಕಾರವಿಲ್ಲದೆ ಅದರ ಕಷ್ಟವನ್ನು ಮಾತ್ರ ಅನುಭವಿಸುವವನು ಬಾಡಿಗೆದಾರನಷ್ಟೆ.

೬. ಉಪಸಂಹಾರ

೨೦೧೮ರ ನಿವಾಸ ಸಂಹಿತೆಯು ೫೦೦ ಚದರ ಮೀಟರ್ ಅಥವಾ ಅದಕ್ಕೆ ಮೇಲ್ಪಟ್ಟ ನಿವೇಶನದಲ್ಲಿ ಕಟ್ಟುವ ಮನೆಗಳಿಗೆ ಅನ್ವಯಿಸುತ್ತದೆ. ಕನ್ನಡನಾಡಿನ ಊರುಗಳಲ್ಲಿ ಬಳಕೆಯಲ್ಲಿರುವ ಮೂವತ್ತು-ನಾಲ್ವತ್ತು ಅಡಿಯ ನಿವೇಶನವು ಸುಮಾರು ೧೧೧ ಚದರ ಮೀಟರ್; ನಾಲ್ವತ್ತು-ಅರುವತ್ತರದು ೨೨೩. ಅನುಕೂಲವಂತರ ನಿವೇಶನವೆನ್ನಿಸುವ ಈ ಎರಡನೆಯದು ಕೂಡ ಮಿತಿಯ ಅರ್ಧವನ್ನೂ ಮುಟ್ಟುವುದಿಲ್ಲ. ಹೀಗೆ, ತಂಪುಯಂತ್ರವಿಲ್ಲದವನ ಮನೆಗೂ ಒಪ್ಪುವ ಅಳತೆಗೋಲನ್ನು ನಿರ್ಮಿಸಿದ ಸಂಹಿತೆಯು ಆ ಮನೆಯ ಹೊಸ್ತಿಲಿನ ಈಚೆಗೇ ನಿಂತುಬಿಟ್ಟಿದೆ. ರಾಜ್ಯಗಳೂ ನಗರಸಭೆಗಳೂ ಈ ಮಿತಿಯನ್ನು ತಗ್ಗಿಸಬಹುದೆಂದು ಸಂಹಿತೆಯೇ ಹೇಳಿರುವುದರಿಂದ ಇದಕ್ಕೆ ಹೊಸ ಕಾಯಿದೆ ಬೇಕಿಲ್ಲ. ಇರುವ ಅಧಿಕಾರವನ್ನು ಉಪಯೋಗಿಸಿದರೆ ಸಾಕು.

ದೊಡ್ಡ ಕಟ್ಟಡದಲ್ಲಿ ಹೊದಿಕೆಯ ದೋಷವು ವಿದ್ಯುತ್ತಿನ ಲೆಕ್ಕದಲ್ಲಿ ಕಾಣುತ್ತದೆ. ಚಿಕ್ಕ ಮನೆಯಲ್ಲಿ ಅದು ಲೆಕ್ಕಕ್ಕೆ ಸಿಕ್ಕದೆ ಮಕ್ಕಳ, ಮುದುಕರ, ರೋಗಿಗಳ ಮೈಮೇಲೆ ಕಾಣುತ್ತದೆ. ಮಾಳಿಗೆಯೊಂದನ್ನು ಹಾಕಿದರೆ ಅದು ಒಂದು ತಲೆಮಾರಿಗಿಂತ ಹೆಚ್ಚು ಕಾಲ ಬಾಳುವುದು. ಎರಡು ಸೆಂಟಿಮೀಟರಿನ ಉಪೇಕ್ಷೆಯೂ ಅಷ್ಟೇ ಕಾಲ ಬಾಳುವುದು. ಕೂಡಿಸಿಡುವುದೆಂಬ ಅರ್ಥವುಳ್ಳ ಹೆಸರನ್ನು ಹೊತ್ತ ನಿಯಮಾವಳಿಯು ಗೋಡೆ, ಮಾಳಿಗೆ, ಕಿಟಕಿಗಳನ್ನು ಕೂಡಿಸಿಟ್ಟಿದೆ. ದೊಡ್ಡ ಮನೆಯನ್ನೂ ಚಿಕ್ಕ ಮನೆಯನ್ನೂ, ಹೊಸತನ್ನೂ ಹಳತನ್ನೂ ಒಂದೇ ಅಳತೆಯೊಳಗೆ ಕೂಡಿಸುವ ಕಾರ್ಯವು ಇನ್ನೂ ಉಳಿದಿದೆ.