ಮೆಲುದನಿಯ ನಾಯಕತ್ವ

ದುಬೈನ ಜುಮೇರಾ ಲೇಕ್ ಟವರ್ಸ್‌ನ ಯಾವುದೋ ಒಂದು ಆಫೀಸನ್ನ ಕಲ್ಪಿಸಿಕೊಳ್ಳಿ. ಮೀಟಿಂಗ್‌ನಲ್ಲಿ ಐದಾರು ದೇಶದವರು. ನಮ್ಮ ಕನ್ನಡದವರೊಬ್ಬರು ಉತ್ತರ ಗೊತ್ತಿದ್ರೂ ಸುಮ್ಮನೆ ಕೂತಿದ್ದಾರೆ. ಜೋರಾಗಿ ಮಾತಾಡಿದವರ ಮಾತೇ ನಡೆಯುತ್ತೆ. ಯಾಕೆ ಹೀಗೆ?

ಕ್ಯಾಮರಾನ್ ಆಂಡರ್ಸನ್ ಮತ್ತು ಗ್ಯಾವಿನ್ ಕಿಲ್ಡಫ್ ಅವರ 2009ರ ಅಧ್ಯಯನ ನೋಡೋಣ. ಅವರು ಸಣ್ಣ ಗುಂಪುಗಳಿಗೆ ಗಣಿತದ ಲೆಕ್ಕ ಕೊಟ್ಟರು. ಮೇಲುಗೈ ಸಾಧಿಸುವ ಸ್ವಭಾವದವರು ಉತ್ತರ ಹೇಳೋಕೆ ಮುಂದಾಗ್ತಿದ್ರು. ಉಳಿದವರು ಅವರನ್ನೇ ಜಾಣರು ಅಂದುಕೊಂಡರು. ಆದರೆ ಅವರ ಉತ್ತರಗಳು ಬೇರೆಯವರಿಗಿಂತ ಹೆಚ್ಚು ಸರಿಯಾಗೇನೂ ಇರಲಿಲ್ಲ!

ಹಾಗಾದ್ರೆ ಮೆಲುದನಿಯವರಿಗೆ ದಾರಿಯೇ ಇಲ್ವಾ? ಇದೆ. ಮಾನವಶಾಸ್ತ್ರಜ್ಞರಾದ ಜೋಸೆಫ್ ಹೆನ್ರಿಕ್ ಮತ್ತು ಫ್ರಾನ್ಸಿಸ್ಕೊ ಗಿಲ್-ವೈಟ್ 2001ರಲ್ಲಿ ಎರಡು ಬಗೆಯ ಪ್ರಭಾವವನ್ನ ಬೇರೆ ಮಾಡಿ ತೋರಿಸಿದ್ರು: ಒಂದು ಭಯದಿಂದ ಬರೋದು, ಇನ್ನೊಂದು ಗೌರವದಿಂದ. ಹೆದರಿದವರು ದೂರ ಸರಿಯುತ್ತಾರೆ. ಗೌರವ ಇಟ್ಟವರು ಕಲಿಯೋಕೆ ತಾವಾಗೇ ಹತ್ತಿರ ಬರ್ತಾರೆ.

ಇದಕ್ಕೆ ನಮ್ಮ ಬೆಂಗಳೂರಿನದೇ ಉದಾಹರಣೆ ಸತೀಶ್ ಧವನ್. ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದುಕೊಂಡೇ ಅವರು ಇಸ್ರೋ ಅಧ್ಯಕ್ಷರೂ ಆಗಿದ್ದರು. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3ರ ಮೊದಲ ಹಾರಾಟ ವಿಫಲವಾಯ್ತು. ಯೋಜನೆಯ ನಿರ್ದೇಶಕರು ಅಬ್ದುಲ್ ಕಲಾಂ. ಆದರೆ ಪತ್ರಕರ್ತರ ಮುಂದೆ ಕೂತು ಹೊಣೆ ಹೊತ್ತವರು ಧವನ್. 1980ರ ಜುಲೈ 18ರಂದು ಗೆದ್ದಾಗ ಕಲಾಂ ಅವರನ್ನೇ ಮುಂದೆ ಕಳಿಸಿದರು. ಕಲಾಂ ಇದನ್ನ ಕೊನೆಯವರೆಗೂ ಹೇಳಿಕೊಳ್ತಾ ಬಂದರು.

ಗಮನಿಸಿ: ಧವನ್ ಸುಮ್ಮನಿರಲಿಲ್ಲ, ಮಾತಾಡೋದು ಕಷ್ಟವಾಗಿದ್ದ ದಿನವೇ ಮಾತಾಡಿದರು. ಹಾಗಾಗಿ ಉತ್ತರ ಗೊತ್ತಿದ್ರೆ ಒಮ್ಮೆ, ಕಾರಣದ ಸಮೇತ ಹೇಳಿಬಿಡಿ. ಮೀಟಿಂಗ್ ನಡೆಸೋರು ನೀವೇ ಆಗಿದ್ರೆ, ಚರ್ಚೆಗೆ ಮೊದಲು ಎಲ್ಲರ ಉತ್ತರವನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. ಚೀಟಿಗೆ ದನಿ ಇರಲ್ಲ ನೋಡಿ! ಮುಂದಿನ ಸಂಚಿಕೆಯಲ್ಲಿ ಸಿಗೋಣ.