ಹಾಕಿ ಕಾಲು ತಯಾರಾಗೋದು ಟರ್ಫ್ ಹೊರಗೆ

ಮೈಸೂರು ರಸ್ತೆ ಮೆಟ್ರೋದಲ್ಲಿ ಕೆಂಗೇರಿ ಕಡೆ ಹೊರಟರೆ ಜ್ಞಾನಭಾರತಿ ಸ್ಟೇಷನ್ ಬರುತ್ತೆ. ನಮ್ಮಲ್ಲಿ ಸುಮಾರು ಜನ ಅದನ್ನು ದಾಟಿಕೊಂಡೇ ಓಡಾಡ್ತೀವಿ. ಭಾರತ ಹಾಕಿ ತಂಡದ ಶಿಬಿರಗಳು ನಡೆಯುವ ಸಾಯ್ ಕೇಂದ್ರ ಇರೋದು ಇಲ್ಲೇ, ಬೆಂಗಳೂರು ವಿಶ್ವವಿದ್ಯಾಲಯದ ಕ್ಯಾಂಪಸ್‌ನಲ್ಲಿ. 2020ರ ಲಾಕ್‌ಡೌನ್‌ನಲ್ಲಿ ಪುರುಷರ ಮತ್ತು ಮಹಿಳೆಯರ ತಂಡಗಳೆರಡೂ ಇಲ್ಲೇ ಉಳಿದವು. ಟರ್ಫ್ ಮೇಲಿನ ಆಟ ನಿಂತರೂ ರೂಮಿನೊಳಗೆ ಕಸರತ್ತು ನಿಲ್ಲಲಿಲ್ಲ. ಮರುವರ್ಷ ಟೋಕಿಯೊದಲ್ಲಿ ಪುರುಷರು 41 ವರ್ಷಗಳ ನಂತರ ಒಲಿಂಪಿಕ್ ಪದಕ ತಂದರು, ಮಹಿಳೆಯರು ನಾಲ್ಕನೇ ಸ್ಥಾನ ಪಡೆದರು.

2024ರ ಪ್ಯಾರಿಸ್ ಕ್ವಾರ್ಟರ್ ಫೈನಲ್ ನೆನಪಿದೆಯಾ? ಬ್ರಿಟನ್ ವಿರುದ್ಧ 17ನೇ ನಿಮಿಷದಲ್ಲೇ ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್. ಉಳಿದ ಸುಮಾರು 43 ನಿಮಿಷ ಹತ್ತೇ ಜನ ಆಡಿ, 1-1 ಸಮ ಮಾಡಿ, ಶೂಟ್‌ಔಟ್‌ನಲ್ಲಿ ಗೆದ್ದರು. ಅವತ್ತು ಶ್ರೀಜೇಶ್ ಕೈ ಎಷ್ಟು ಕೆಲಸ ಮಾಡಿತೋ, ಉಳಿದವರ ಕಾಲೂ ಅಷ್ಟೇ ಮಾಡಿತು.

ಐಸ್ ಹಾಕಿಯವರು ರಿಂಕ್ ಹೊರಗಿನ ತಯಾರಿಗೆ 'ಆಫ್-ಐಸ್' ಅಂತಾರೆ. ನಮ್ಮೂರಿನ ಹಾಕಿಗೆ ಐಸ್ ಇಲ್ಲ, ಆದರೆ ಆ ಮಾತು ನಮಗೂ ಸಲ್ಲುತ್ತೆ. ಸ್ಟಿಕ್ ಹಿಡಿದು ಆಡಿದರೆ ಸ್ಕಿಲ್ ಬರುತ್ತೆ. ಕಾಲಿನ ಬಲ ಮಾತ್ರ ಬೇರೆಯಾಗಿ ಸಂಪಾದಿಸಬೇಕು.

ಓಡೋದಕ್ಕಿಂತ ನಿಲ್ಲೋದು ಕಷ್ಟ

ಸ್ವಲ್ಪ ಫಿಸಿಕ್ಸ್ ನೋಡೋಣ. 70 ಕೆ.ಜಿ. ತೂಕದ ಆಟಗಾರ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಓಡ್ತಿದ್ದರೆ ಚಲನ ಶಕ್ತಿ 1,260 ಜೂಲ್. ಅರ್ಧ ವೇಗದಲ್ಲಿದ್ದರೆ ಬರೀ 315. ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕೋ ಕೆಲಸ ನಾಲ್ಕು ಪಟ್ಟು! ಅವನು ಒಂದೇ ಸೆಕೆಂಡಿನಲ್ಲಿ ನಿಲ್ಲಬೇಕಾದರೆ ಸರಾಸರಿ 420 ನ್ಯೂಟನ್ ಬಲ ಬೇಕು. ಅದೂ ಹೆಚ್ಚಿನ ಸಲ ಒಂದೊಂದೇ ಕಾಲಿನ ಮೇಲೆ, ಸೊಂಟ ಬಗ್ಗಿಸಿ, ಚೆಂಡು ನೋಡಿಕೊಂಡು.

ಕಾಲಿಗೆ ಈ ಬ್ರೇಕ್ ಇಲ್ಲದಿದ್ದರೆ ಹೊಡೆತ ಬೀಳೋದು ಮೊಣಕಾಲಿಗೆ. ಎಸಿಎಲ್ ಹರಿದು ಆಪರೇಷನ್ ಆದರೆ ಮತ್ತೆ ಆಡಲು ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಬೇಕು. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಎರಡು ಸೆಮಿಸ್ಟರ್. ಹುಡುಗಿಯರಲ್ಲಿ ಈ ಗಾಯದ ಸಾಧ್ಯತೆ ಇನ್ನೂ ಹೆಚ್ಚು. ಆದ್ದರಿಂದ 'ವೆಯ್ಟ್ಸ್ ಎಲ್ಲಾ ಹುಡುಗರಿಗೆ' ಅನ್ನೋ ಮಾತನ್ನು ಮೊದಲು ಬಿಡೋಣ.

ಬಲ ಮೊದಲು, ಆಮೇಲೆ ವೇಗ

ಕೊಡಗಿನ ಸೋಮವಾರಪೇಟೆಯ ಎಸ್.ವಿ. ಸುನಿಲ್ ಓಟಕ್ಕೆ ಎಂಥೆಂಥ ಡಿಫೆಂಡರ್‌ಗಳೂ ಹಿಂದೆ ಬಿದ್ದಿದ್ದಾರೆ. ವೇಗ ಹುಟ್ಟಿನಿಂದ ಬರುತ್ತೆ ಅಂತ ಅವರನ್ನು ನೋಡಿ ಅನಿಸಬಹುದು. ಅರ್ಧ ನಿಜ. ಪೂರ್ತಿ ವೇಗದಲ್ಲಿ ಓಡುವಾಗ ಪಾದ ನೆಲಕ್ಕೆ ತಾಗೋದು ಸುಮಾರು 0.1 ಸೆಕೆಂಡ್. ಸ್ನಾಯು ತನ್ನ ಪೂರ್ತಿ ಬಲ ಹೊರಹಾಕೋಕೆ ಇದಕ್ಕಿಂತ ಜಾಸ್ತಿ ಸಮಯ ಬೇಕು. ಹಾಗಾಗಿ ಬಲ ಇದ್ದರೆ ಸಾಲದು, ಅದು ಬೇಗ ಹೊರಬರಬೇಕು. ಬಲ ಬೆಳೆಸೋದು ಬಸ್ಕಿ, ವೆಯ್ಟ್ಸ್. ಅದನ್ನು ಬೇಗ ಹೊರತರೋದು ಜಿಗಿತ ಮತ್ತು ಸ್ಪ್ರಿಂಟ್. ಹಾಕಿಯಲ್ಲಿ ಓಟ ಹೆಚ್ಚಾಗಿ ಹತ್ತಿಪ್ಪತ್ತು ಮೀಟರ್‌ನದು. ಮೊದಲ ನಾಲ್ಕೈದು ಹೆಜ್ಜೆಯಲ್ಲಿ ಪಾದ ನೆಲದ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ಇರುತ್ತೆ, ಅಲ್ಲೇ ಬಸ್ಕಿಯ ಫಲ ಸಿಗೋದು.

ಹಾಸ್ಟೆಲ್‌ನಲ್ಲಿ ಮಾಡಬಹುದಾದದ್ದು

ವಾರಕ್ಕೆ ಎರಡು ದಿನ ಸಾಕು, ನಡುವೆ 48 ಗಂಟೆ ಗ್ಯಾಪ್ ಇರಲಿ. ಹತ್ತು ನಿಮಿಷ ವಾರ್ಮ್‌ಅಪ್ ಆದ ಮೇಲೆ ಈ ಕ್ರಮದಲ್ಲಿ:

1. ಸ್ಪ್ರಿಂಟ್: 10 ಮೀಟರ್, ಆರು ಸಲ. ಪ್ರತಿ ಓಟದ ನಂತರ ಒಂದು ನಿಮಿಷ ರೆಸ್ಟ್. ಉಸಿರು ಬಿಡುತ್ತಾ ಓಡಿದರೆ ಅದು ಸ್ಟ್ಯಾಮಿನಾ ಅಭ್ಯಾಸ, ವೇಗದ್ದಲ್ಲ.

2. ಜಿಗಿತ: ಒಂದು ಕಾಲಿಂದ ಇನ್ನೊಂದು ಕಾಲಿಗೆ ಪಕ್ಕಕ್ಕೆ, ಪ್ರತಿ ಕಡೆ ಐದರಂತೆ ಮೂರು ಸೆಟ್. ಇಳಿದ ಮೇಲೆ ಎರಡು ಸೆಕೆಂಡ್ ಅಲ್ಲಾಡದೆ ನಿಲ್ಲಿ. ಮೊಣಕಾಲು ಒಳಗೆ ಬಾಗಬಾರದು. ಕಾಂಕ್ರೀಟ್ ಬೇಡ, ಮಣ್ಣು ಅಥವಾ ಹುಲ್ಲು ಹುಡುಕಿ.

3. ಬಸ್ಕಿ: ಎಂಟರಂತೆ ಮೂರು ಸೆಟ್, ನಿಧಾನವಾಗಿ ಇಳಿದು ಜೋರಾಗಿ ಏಳಿ. ಸಲೀಸಾದರೆ ಬ್ಯಾಗಿಗೆ ಪುಸ್ತಕ ತುಂಬಿ ಹಾಕಿಕೊಳ್ಳಿ (ಕೊನೆಗೂ ಎಂ3 ಟೆಕ್ಸ್ಟ್‌ಬುಕ್ ಉಪಯೋಗಕ್ಕೆ ಬಂತು). ಆಮೇಲೆ ಹಿಂದಿನ ಪಾದವನ್ನು ಮೆಟ್ಟಿಲ ಮೇಲಿಟ್ಟು ಒಂಟಿಗಾಲಿನದು.

4. ನಾರ್ಡಿಕ್: ಮಂಡಿಯೂರಿ ಕೂತ್ಕೊಳ್ಳಿ, ಗೆಳೆಯರೊಬ್ಬರು ಹಿಮ್ಮಡಿ ಹತ್ತಿರ ಗಟ್ಟಿಯಾಗಿ ಹಿಡೀಲಿ. ಮೈ ನೆಟ್ಟಗಿಟ್ಟು ಎಷ್ಟು ನಿಧಾನ ಆಗುತ್ತೋ ಅಷ್ಟು ನಿಧಾನವಾಗಿ ಮುಂದಕ್ಕೆ ಬಾಗಿ, ಕೊನೆಗೆ ಕೈ ಊರಿ. ನಾಲ್ಕರಂತೆ ಎರಡು ಸೆಟ್‌ನಿಂದ ಶುರು ಮಾಡಿ. ಇದನ್ನು ಬಿಡದೆ ಮಾಡಿದ ತಂಡಗಳಲ್ಲಿ ತೊಡೆ ಹಿಂಭಾಗದ ಸ್ನಾಯು ಹಿಡಿಯೋದು, ಹರಿಯೋದು ಸುಮಾರು ಅರ್ಧಕ್ಕೆ ಇಳಿದಿದೆ ಅಂತ ಅಧ್ಯಯನಗಳು ಹೇಳ್ತವೆ. ಮೊದಲ ವಾರ ಮೆಟ್ಟಿಲು ಇಳಿಯೋದು ಕಷ್ಟ ಆಗುತ್ತೆ, ಹೆದರಬೇಡಿ.

ಮೈ ನೋವು ಬೇರೆ, ಮೊಣಕಾಲಿನ ಕೀಲು ನೋವು ಬೇರೆ. ಎರಡನೆಯದು ಬಂದರೆ ಅವತ್ತೇ ನಿಲ್ಲಿಸಿ, ಫಿಸಿಯೋ ಹತ್ತಿರ ಹೋಗಿ.

ಎಷ್ಟು ಸುಧಾರಿಸಿದ್ದೀವಿ ಅಂತ ನೋಡೋಕೆ ಯೋ-ಯೋ ಟೆಸ್ಟ್ ಇದೆ: 20 ಮೀಟರ್ ಹೋಗಿ ತಿರುಗಿ ಬರಬೇಕು, ಹತ್ತು ಸೆಕೆಂಡ್ ರೆಸ್ಟ್, ಬೀಪ್ ವೇಗ ಏರುತ್ತಾ ಹೋಗುತ್ತೆ. ಅದರಲ್ಲಿ ಪ್ರತಿ ಸಲ 20 ಮೀಟರ್ ಓಡಿ ನಿಂತು ತಿರುಗಬೇಕಲ್ಲ, ಬ್ರೇಕ್ ಗಟ್ಟಿ ಇದ್ದವರಿಗೆ ಅಲ್ಲೇ ಉಸಿರು ಉಳಿಯುತ್ತೆ.

ದಿನಕ್ಕೆ ಆರೇಳು ಗಂಟೆ ಬೆಂಚಿನ ಮೇಲೆ ಕೂರುವ ಕಾಲು ನಮ್ಮದು. ಟೂರ್ನಮೆಂಟ್‌ಗೆ ಒಂದು ವಾರ ಇದ್ದಾಗ ಅದನ್ನು ಏಕಾಏಕಿ ಓಡಿಸಿದರೆ ಅದು ಮಾತು ಕೇಳಲ್ಲ. ಎಂಟು ವಾರ ಮುಂಚೆ ಶುರು ಮಾಡೋಣ, ಅಂದರೆ ಮೊದಲ ಇಂಟರ್ನಲ್ಸ್‌ಗೂ ಮುಂಚೆ. ಖರ್ಚು ಏನೂ ಇಲ್ಲ, ಹಿಮ್ಮಡಿ ಹಿಡಿಯೋಕೆ ಒಬ್ಬ ಗೆಳೆಯ ಬೇಕು ಅಷ್ಟೇ.